ತಾತನಿಗೆ ಮೂವತ್ತೆರಡು ವರ್ಷ

ಮೊನ್ನೆ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಕಾಲ ಬಳಿ ಈರುಳ್ಳಿ ಚೀಲ ಇಟ್ಟುಕೊಂಡಿದ್ದಳು. ಮಡಿಲಲ್ಲಿ ಮಗು. ಯಾವ ದರ್ಗಾದಲ್ಲೋ ಯಾವ ಮಠದಲ್ಲೋ ಮಗುವಿಗೆ ಹೊಗೆ ಹಾಕಿಸಿ ತಂದಿದ್ದಳು, ಅದರ ತಲೆಕೂದಲೆಲ್ಲ ಲೋಬಾನದ ವಾಸನೆ. ಹಸಿ ಈರುಳ್ಳಿ, ಲೋಬಾನ, ಎರಡೂ ಒಟ್ಟಿಗೆ ಮೂಗಿಗೆ ಬಡಿದವು; ನಾನು ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದೆ. "ಬಸ್ಸು ಆಗಲ್ವೇನವ್ವ? ನಿಂಬೆಹಣ್ಣು ಐತೆ, ಕೊಡ್ಲಾ?" ಅಂದಳು ಪಾಪ. ಬಸ್ಸು ನನಗೆ ಚೆನ್ನಾಗಿಯೇ ಆಗುತ್ತದೆ. ಆಗದಿರುವುದು ಹಿರಿಯೂರಿನ ಆ ಒಂದು ವರ್ಷ.

ಆಗ ನಾನು ಹಿರಿಯೂರಿನ ಒಂದು ಹಗಲು ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಮನಸ್ಸಿನ ಕಾಯಿಲೆಯವರಿಗಾಗಿ ಯಾವುದೋ ಟ್ರಸ್ಟಿನವರು ಬಾಡಿಗೆ ಮನೆಯಲ್ಲಿ ನಡೆಸುತ್ತಿದ್ದ ಕೇಂದ್ರ. ಬೆಳಿಗ್ಗೆ ಬರುವುದು, ಮಾತ್ರೆ ನುಂಗುವುದು, ಕಾಗದದ ಕವರು ಅಂಟಿಸುವುದು, ಮಧ್ಯಾಹ್ನ ಅನ್ನ ಸಾರು ಉಣ್ಣುವುದು, ಸಂಜೆ ಮನೆಗೆ ಹೋಗುವುದು. ಮನೆ ಇದ್ದವರಿಗೆ ಒಳ್ಳೆಯ ಏರ್ಪಾಡು. ಆದರೆ ಹಿರಿಯೂರು ಹೆದ್ದಾರಿಯ ಊರು. ರಸ್ತೆ ಕೆಲಸಕ್ಕೆ, ಗುಡ್ಡದ ಮೇಲಿನ ಗಾಳಿಯಂತ್ರದ ಕೆಲಸಕ್ಕೆ, ಕೋಳಿ ಫಾರಂಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರಲ್ಲಿ ಒಬ್ಬನಿಗೆ ತಲೆ ಕೆಟ್ಟರೆ ಜೊತೆಯವರು ಅವನನ್ನು ಇಲ್ಲೇ ಬಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಅಂಥವರ ಜೊತೆ ಮಾತಾಡಲು ಒಬ್ಬರು ಬೇಕಿತ್ತು. ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದ ನನಗೆ ಕೆಲಸ ಸಿಕ್ಕಿದ್ದು ಹಿಂದಿ ಬರುತ್ತದೆ ಅಂತ. ನನಗೆ ಬರುತ್ತಿದ್ದದ್ದು ನಮ್ಮ ಮನೆಯ ಉರ್ದು, ಅದೂ ಹಿರಿಯೂರಿನ ಉರ್ದು. ನಮ್ಮ ಅಬ್ಬಾ ಹತ್ತಿ ಹಿಂಜಿ ಗಾದಿ ಹೊಲಿಯುವವರು; ಅಂಗಡಿಗೆ ಬಂದ ಲಖನೌ ಕಡೆಯ ಲಾರಿ ಡ್ರೈವರೊಬ್ಬ ನಮ್ಮ ಉರ್ದು ಕೇಳಿ ಇದು ಯಾವ ದೇಶದ ಭಾಷೆ ಅಂತ ಕೇಳಿದ್ದ. ಟ್ರಸ್ಟಿನವರಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಮಳೆ ತರುವುದಿಲ್ಲ, ಮಣ್ಣು ತರುತ್ತದೆ. ಮಧ್ಯಾಹ್ನ ಉಣ್ಣಲು ಕೂತರೆ ತಟ್ಟೆಯಲ್ಲಿ ಅನ್ನಕ್ಕಿಂತ ಮೊದಲು ಮಣ್ಣು ಕಚ್ಚಬೇಕು. ಅಂಥ ಒಂದು ದಿನ ಅಮ್ಮಿ ಬುರ್ಖಾ ತೊಟ್ಟು ನಿಂತು, "ಏಳು, ಹೋಗಿ ಬರೋಣ. ಜವನಗೊಂಡನಹಳ್ಳಿ ಕಡೆ ಒಬ್ಬರು ಮಸ್ತಾನ್ ಬಂದಿದ್ದಾರಂತೆ. ನಿನ್ನ ನಿಕಾಹ್ ವಿಷಯ ಕೇಳಬೇಕು" ಅಂದಳು. ನಮ್ಮ ಸೀಮೆಯ ರೂಢಿ ಇದು. ಮಾತು ಬಿಟ್ಟು, ಮೈಮೇಲಿನ ಬಟ್ಟೆಯ ಪರಿವೆಯಿಲ್ಲದೆ, ಬಿಸಿಲು ಗಾಳಿ ಅನ್ನದೆ ಕೂತವನನ್ನು ಹುಚ್ಚ ಅನ್ನಲು ಜನ ಹೆದರುತ್ತಾರೆ. ಅವಧೂತನೇ ಆಗಿದ್ದರೆ? ಹಿಂದೂಗಳಿಗೆ ಅವನು ತಾತ, ನಮ್ಮವರಿಗೆ ಮಸ್ತಾನ್. ತಾತ ಬೈದರೆ ಒಳ್ಳೆಯದಾಗುತ್ತದೆ, ಹೊಡೆದರೆ ಕಾಯಿಲೆ ವಾಸಿಯಾಗುತ್ತದೆ, ಮೇಲೆ ಉಗಿದರಂತೂ ಹಣೆಬರಹವೇ ತಿರುಗುತ್ತದೆ. ಇಂಥ ವಿಷಯದಲ್ಲಿ ನಮ್ಮಲ್ಲಿ ಜಾತಿ ಮತದ ಜಗಳವೇ ಇಲ್ಲ, ಎಲ್ಲರೂ ಒಟ್ಟಿಗೆ ಹೋಗಿ ಉಗಿಸಿಕೊಂಡು ಬರುತ್ತೇವೆ.

ಊರಿನ ಹೆಸರು ಹೇಳುವುದಿಲ್ಲ, ಈಗಲೂ ಅಲ್ಲಿ ನನಗೆ ಬೇಕಾದವರಿದ್ದಾರೆ. ಹೆದ್ದಾರಿ ಪಕ್ಕದ ಹಳೆಯ ಬಸ್ ತಂಗುದಾಣಕ್ಕೆ ತಗಡು ಇಳಿಬಿಟ್ಟು ಒಂದು ಮರೆ ಮಾಡಿದ್ದರು. ಒಳಗೆ ಗಡ್ಡ ಬೆಳೆದ, ಬಡಕಲು ಮೈಯ ಒಬ್ಬ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಮೈಮೇಲೆ ಮೂರು ನಾಲ್ಕು ಹೊಸ ಶಾಲು. ಮುಂದೆ ತೆಂಗಿನಕಾಯಿ, ಊದುಬತ್ತಿ, ಲೋಬಾನ. ಜನ ಒಬ್ಬೊಬ್ಬರಾಗಿ ಬಗ್ಗಿ ಕಾಲು ಮುಟ್ಟುತ್ತಿದ್ದರು. ಮುಟ್ಟಿದಾಗಲೆಲ್ಲ ಅವನು ಗೋಡೆಗೆ ಒತ್ತಿಕೊಂಡು ಕೂಗುತ್ತಿದ್ದ. ಕೂಗಿದಷ್ಟೂ ಜನಕ್ಕೆ ಭಕ್ತಿ ಹೆಚ್ಚು. ನನಗೆ ಆ ಕೂಗು ಅರ್ಥವಾಯಿತು. "ಕಾಲು ಮುಟ್ಟಬೇಡಿ, ಕಾಲು ಮುಟ್ಟಬೇಡಿ" ಅನ್ನುತ್ತಿದ್ದ ಅವನು, ಅವನ ಕಡೆಯ ಹಿಂದಿಯಲ್ಲಿ.

"ಏನಂತಾರೆ?" ಅಂದಳು ಅಮ್ಮಿ.

"ಕಾಲು ಮುಟ್ಟಬೇಡ ಅಂತಿದಾನೆ."

"ಅದು ಪರೀಕ್ಷೆ ಮಾಡೋದು, ಹುಚ್ಚಿ" ಅಂದವಳೇ ಬಗ್ಗಿ ಎರಡೂ ಕೈಯಿಂದ ಕಾಲು ಹಿಡಿದಳು. ಅವನು ನೋವಿಗೆ ಕಣ್ಣು ಮುಚ್ಚಿಕೊಂಡ. ಎಡಗಾಲ ಗಿಣ್ಣಿನ ಮೇಲೆ ಅರಿಶಿನ ಕುಂಕುಮ ವಿಭೂತಿ ರಾಶಿ ಬಿದ್ದಿತ್ತು, ಅದರಡಿ ಹುಣ್ಣು ಕೀವಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಬೇಕು ಅಂತ ಗೊತ್ತಾಗಲಿಲ್ಲ, ಅಮ್ಮಿಯ ಮೇಲೇ ರೇಗಿದೆ.

ಮರುದಿನ ಕೇಂದ್ರದ ಡಾಕ್ಟರನ್ನು ಕರೆದುಕೊಂಡು ಹೋದೆ. ತಂಗುದಾಣಕ್ಕೆ ಅಂಟಿಕೊಂಡೇ ತಿಪ್ಪೇಸ್ವಾಮಿಯ ಚಹಾದಂಗಡಿ. ತಗಡು ಹಾಕಿಸಿದವನು ಅವನೇ, ತಾತ ಬಂದ ಮೇಲೆ ಅಂಗಡಿಗೆ ಎರಡು ಬೆಂಚು ಹೆಚ್ಚಾಗಿದ್ದವು. ಡಾಕ್ಟರು ಕಾಯಿಲೆ ಅನ್ನುವ ಮಾತೆತ್ತಿದ್ದೇ ಅವನ ಮುಖ ಗಂಟಾಯಿತು.

"ನೋಡ್ರಿ ಸಾರ್, ಕಾಲಿಗೆ ಔಸ್ದಿ ಹಾಕ್ಕಳ್ರಿ, ಬ್ಯಾಡ ಅನ್ನಲ್ಲ. ತಲೀಗೆ ಮಾತ್ರ ಹಾಕಬ್ಯಾಡ್ರಿ."

ಅಷ್ಟರಲ್ಲಿ ಒಬ್ಬ ಹೆಂಗಸು ಮುದ್ದೆ ತಟ್ಟೆ ಹಿಡಿದು ಬಂದಳು. ಓಬಕ್ಕ ಅಂತ, ಗಂಡ ಸತ್ತವಳು, ಸೊಪ್ಪು ಮಾರುತ್ತಿದ್ದಳು. ಎರಡು ಹೊತ್ತೂ ಅವನಿಗೆ ಉಣಬಡಿಸುತ್ತಿದ್ದವಳು ಅವಳೇ. ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ, ಸಾರಲ್ಲಿ ಅದ್ದಿ, ಅವನ ಬಾಯಿ ತೆರೆಯುವವರೆಗೂ ಕಾದು ಇಡುತ್ತಿದ್ದಳು. ಅವನ ಕಾಲು ನೋಯುತ್ತಿದೆಯಂತೆ ಅಂದೆ. ಓಬಕ್ಕನ ಕೈ ನಿಂತಿತು.

"ನೋವಾಗ್ತೈತಂತೇನವ್ವ? ಬಾಯಿ ಬಿಟ್ಟು ಹೇಳಿದ್ನಾ? ಅಯ್ಯೋ, ನಂಗೆ ತಿಳೀಲೇ ಇಲ್ಲ ನೋಡು."

ನಾನು ಅವನ ಪಕ್ಕ ಕೂತು, ಭಾಯಿ, ಕಾಲಿಗೆ ಏನಾಯಿತು ಅಂತ ಕೇಳಿದೆ. ಅವನು ತಿರುಗಿ ನೋಡಿದ. ತನಗೆ ಅರ್ಥವಾಗುವ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ: ಈ ಮಾತ್ರೆ ಹುಣ್ಣಿಗೆ, ಈ ಮಾತ್ರೆ ನಿದ್ದೆಗೆ ಮತ್ತು ತಲೆಯೊಳಗಿನ ಮಾತುಗಳಿಗೆ. ಅವನು ಮಾತ್ರೆ ನೋಡಿ, "ಗದ್ದಲ ನಿಲ್ಲುತ್ತಾ?" ಅಂದ. ನಿಲ್ಲುತ್ತೆ ಅಂದರು ಡಾಕ್ಟರು. ಅವನೇ ಕೈ ಚಾಚಿ ತೆಗೆದುಕೊಂಡು ನುಂಗಿದ.

ತಿಪ್ಪೇಸ್ವಾಮಿ ಜೊತೆ ಒಪ್ಪಂದವಾಯಿತು. ಗುರುವಾರ ಮತ್ತು ಅಮಾವಾಸ್ಯೆ ತಾತ ಊರಲ್ಲೇ ಇರಬೇಕು, ಜನ ಬರುತ್ತಾರೆ. ಉಳಿದ ದಿನ ಬೆಳಿಗ್ಗೆ ಕೇಂದ್ರದ ಆಟೋದಲ್ಲಿ ಬರುವುದು, ಸಂಜೆ ವಾಪಸು. ಮೊದಲ ದಿನ ಆಟೋದಲ್ಲಿ ಓಬಕ್ಕನೂ ಬಂದಳು, ಅವನ ತೋಳು ಬಿಡದೆ ಹಿಡಿದುಕೊಂಡು.

ಶ್ರಾವಣ ಕಳೆಯಿತು. ಹುಣ್ಣು ಮಾಯಿತು. ಮೊದಮೊದಲು ಅವನು ಬರೀ ಮಲಗುತ್ತಿದ್ದ, ಆಮೇಲೆ ಬರೀ ಉಣ್ಣುತ್ತಿದ್ದ. ಆ ಮಾತ್ರೆಗೆ ಹಸಿವು ಜಾಸ್ತಿ. ಹಸ್ತದ ಮಳೆ ಹಿಡಿದು ಊರೆಲ್ಲ ಕೆಸರಾಗಿದ್ದ ಒಂದು ಬೆಳಿಗ್ಗೆ ಕವರು ಅಂಟಿಸುತ್ತಾ ಕೂತವನು ತಲೆ ಎತ್ತದೆ, "ದೀದಿ, ನನ್ನ ಹೆಸರು ಸುಕ್ರಾ" ಅಂದ. ಶುಕ್ರವಾರ ಹುಟ್ಟಿದ್ದಕ್ಕೆ ಆ ಹೆಸರಂತೆ. ಜಾರ್ಖಂಡಿನ ಗುಮ್ಲಾ ಕಡೆಯವನು. ವಯಸ್ಸು ಮೂವತ್ತೆರಡು. ಊರಿಗೆಲ್ಲ ತಾತನಾಗಿದ್ದವನು ನನಗಿಂತ ಐದಾರು ವರ್ಷ ದೊಡ್ಡವನು ಅಷ್ಟೇ.

ಉಳಿದದ್ದು ತುಂಡು ತುಂಡಾಗಿ ಬಂತು. ರಸ್ತೆ ಅಗಲ ಮಾಡುವ ಕೆಲಸಕ್ಕೆ ಮೇಸ್ತ್ರಿ ಕರೆತಂದಿದ್ದ. ಊರಲ್ಲಿ ಒಮ್ಮೆ ಬಂದುಹೋಗಿದ್ದ ಕಾಯಿಲೆ ತಿರುಗಿ ಬಂತು: ಕಾಂಕ್ರೀಟ್ ಮಿಕ್ಸರ್ ತಿರುಗುವಾಗ ಅದರೊಳಗಿಂದ ಯಾರೋ ತನ್ನ ಹೆಸರು ಹಿಡಿದು ಬೈಯುವುದು ಕೇಳಲು ಶುರುವಾಯಿತು. ಬರಬರುತ್ತಾ ಮಿಕ್ಸರ್ ನಿಂತಾಗಲೂ ಕೇಳತೊಡಗಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಟೆಂಟುಗಳೇ ಇರಲಿಲ್ಲ, ಎಲ್ಲರೂ ಲಾರಿ ಹತ್ತಿ ಹೋಗಿದ್ದರು. ನಡೆಯುತ್ತಾ ನಡೆಯುತ್ತಾ ಆ ತಂಗುದಾಣ ಸಿಕ್ಕಿತು. "ಜನ ಯಾಕೆ ಕಾಲು ಮುಟ್ಟುತ್ತಿದ್ದರು ದೀದಿ?" ಅಂತ ಕೇಳಿದ. ನಾನು ವಿವರಿಸಿದೆ. ಅವನು ಮೊದಲ ಸಲ ನಕ್ಕ. ಮುಂದಿನ ಹಲ್ಲೊಂದು ಮುರಿದಿತ್ತು, ನಕ್ಕರೆ ಚೆನ್ನಾಗಿಯೇ ಕಾಣುತ್ತಿದ್ದ.

ಅವನ ಊರಿನ ಠಾಣೆಯ ಮೂಲಕ ಅಣ್ಣನ ಫೋನ್ ನಂಬರು ಸಿಕ್ಕಿತು. ಅಣ್ಣ ಒಳ್ಳೆಯವನೇ, ಫೋನಿನಲ್ಲಿ ಅತ್ತ. ಅತ್ತು ಮುಗಿಸಿ, ಅಲ್ಲೇ ಇರಲಿ ದೀದಿ, ಇಲ್ಲಿ ಆ ಔಷಧಿಗೆ ದಿನವಿಡೀ ನಡೆದು ಹೋಗಬೇಕು, ಹೋದ ಸಲ ಕಾಯಿಲೆ ಹೆಚ್ಚಾದಾಗ ಮನೆಯವರೆಲ್ಲ ಸೇರಿ ಹಗ್ಗದಲ್ಲಿ ಕಟ್ಟಿ ಹಾಕಿದ್ದೆವು ಅಂದ. ಸುಕ್ರಾ ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ಆಮೇಲೆ, "ನಾನು ಇಲ್ಲೇ ಇರುತ್ತೇನೆ. ಮಾತ್ರೆ ಬಿಡುವುದಿಲ್ಲ. ನನಗೊಂದು ಕೆಲಸ, ಮಲಗಲು ಜಾಗ ಕೊಡಿಸಿ" ಅಂದ. ಅವನು ಕೇಳಿದ್ದು ಅಷ್ಟೇ. ಮಾತ್ರೆ ದುರ್ಗದ ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಕೆಲಸ, ಜಾಗ, ಈ ಎರಡು ನನಗೆ ಎಷ್ಟರ ಮಾತು ಅನ್ನಿಸಿತು. ಇಷ್ಟು ದಿನ ಶಾಲು ಹೊದಿಸಿದ ಊರು ಒಂದು ಮೂಲೆ ಕೊಡುವುದಿಲ್ಲವೇ ಅಂದುಕೊಂಡೆ.

ಅವನಿಗೆ ಮಾತು ಬಂದದ್ದು ಊರಿಗೆ ಗೊತ್ತಾದ ದಿನ ನಾನು ಅಲ್ಲೇ ಇದ್ದೆ. ಓಬಕ್ಕ ತುತ್ತು ಮಾಡಲು ಕೈ ಹಾಕಿದಳು. ಸುಕ್ರಾ ತಟ್ಟೆಯನ್ನು ತನ್ನ ಕಡೆಗೆಳೆದುಕೊಂಡು, ಕೇಂದ್ರದಲ್ಲಿ ಕಲಿತ ಕನ್ನಡದಲ್ಲಿ, "ನಾ ತಿಂತೀನಿ ಓಬಕ್ಕ. ನೀರ್ ಕೊಡಿ" ಅಂದ. ಓಬಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಖುಷಿಗೆ ಅಂದುಕೊಂಡೆ.

ಅಲ್ಲಿಂದಾಚೆ ಎಲ್ಲ ತಿರುವುಮುರುವು. ಯಾರೋ ಜ್ವರದ ಮಗು ತಂದು ಮಡಿಲಿಗೆ ಹಾಕಿದರೆ, "ಆಸ್ಪತ್ರೆ ಹೋಗಿ" ಅಂದನಂತೆ. ತೆಂಗಿನಕಾಯಿ ಒಡೆಯಲು ಬಂದವನ ಹತ್ತಿರ ಬೀಡಿ ಕೇಳಿದನಂತೆ. ಪೊರಕೆ ತೆಗೆದುಕೊಂಡು ತಂಗುದಾಣವನ್ನೆಲ್ಲ ತಾನೇ ಗುಡಿಸಿದನಂತೆ. ಒಂದೊಂದು ಗುರುವಾರಕ್ಕೂ ಜನ ಕಡಿಮೆಯಾದರು. ತಿಪ್ಪೇಸ್ವಾಮಿ ಬೆಂಚು ಒಳಗಿಟ್ಟ.

ಈರುಳ್ಳಿ ಕೀಳುವ ಕಾಲ. ಎಲ್ಲ ಹೊಲಗಳಲ್ಲೂ ಆಳಿಗೆ ಪರದಾಟ. ಕಿತ್ತ ಈರುಳ್ಳಿಯ ಸೊಪ್ಪು ಕೊಯ್ದು ಗಡ್ಡೆ ಬೇರೆ ಮಾಡುವುದು, ಚೀಲ ತುಂಬುವುದು, ಸುಕ್ರಾಗೆ ಬಾರದ ಕೆಲಸವೇನಲ್ಲ. ತಿಪ್ಪೇಸ್ವಾಮಿಯದೇ ಹೊಲವಿತ್ತು. ಕೇಳಿದೆ. ಅವನು ಹಲ್ಲು ಕಡಿಯುತ್ತಾನೆ ಅಂದುಕೊಂಡಿದ್ದೆ, ಅವನು ನಾಚಿಕೊಂಡ.

"ಹೆಂಗ್ ಕರೀಲಿ ಮೇಡಂ? ನಾನು ಹೆಂಡ್ತಿ ಮಕ್ಕಳ ಸಮೇತ ಅಡ್ಡ ಬಿದ್ದಿದೀನಿ ಆ ಕಾಲಿಗೆ. ಇವತ್ತು ಲೇ ಬಾರೋ, ಈರುಳ್ಳಿ ಕೊಯ್ಯಿ ಅನ್ನಕಾಗ್ತೈತಾ? ನಂದು ಬಿಡ್ರಿ, ಊರಲ್ಲಿ ಯಾರನ್ನ ಬೇಕಾದ್ರೂ ಕೇಳ್ರಿ. ಬಾಯಿ ಬರಲ್ಲ."

ಕೇಳಿದೆ. ಯಾರಿಗೂ ಬಾಯಿ ಬರಲಿಲ್ಲ. ದೇವರಾಗಿದ್ದವನನ್ನು ಆಳು ಮಾಡಿಕೊಂಡರೆ ತಮಗೆ ಕೇಡು ಅನ್ನುವ ಭಯ ಒಂದು ಕಡೆ, ಮೋಸ ಹೋದೆವಲ್ಲ ಅನ್ನುವ ಸಿಟ್ಟು ಇನ್ನೊಂದು ಕಡೆ. ಅವನನ್ನು ಕಂಡರೆ ಎಲ್ಲರಿಗೂ ತಮ್ಮ ಬಗ್ಗಿದ ಬೆನ್ನೇ ನೆನಪಾಗುತ್ತಿತ್ತು. ಅವನ ಕಣ್ಣಿಗೆ ಬೀಳದಂತೆ ಓಡಾಡತೊಡಗಿದರು. ಓಬಕ್ಕನ ಮುದ್ದೆ ಬಿಟ್ಟು ಉಳಿದವರ ಕಾಣಿಕೆಯೆಲ್ಲ ತಾನಾಗಿ ನಿಂತಿತು. ಬೇರೆ ಊರಿಗೆ ಕೂಲಿಗೆ ಕಳಿಸಿದೆವು. ಅಲ್ಲಿ ಅವನು ತಾತನೂ ಅಲ್ಲ, ಸುಕ್ರಾನೂ ಅಲ್ಲ, ಹಿಂದಿಯವನು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಎಲ್ಲರ ಫೋನಿನಲ್ಲೂ ವಿಡಿಯೊ ಓಡಾಡುತ್ತಿದ್ದ ಕಾಲ. ಮೂರನೇ ದಿನವೇ ಅವನನ್ನು ಸುತ್ತುಗಟ್ಟಿ ಹೊಡೆದು ಠಾಣೆಗೆ ಕೊಟ್ಟರು. ನಾನು ಹೋಗಿ ಬಿಡಿಸಿಕೊಂಡು ಬಂದೆ. ತುಟಿ ಒಡೆದಿತ್ತು. "ಇವರು ಹೊಡೆದರೆ ಯಾರಿಗೆ ಒಳ್ಳೆಯದಾಗುತ್ತೆ ದೀದಿ?" ಅಂದ. ಅವನಿಗೆ ತಮಾಷೆ ಮಾಡುವಷ್ಟು ವಾಸಿಯಾಗಿತ್ತು.

ಓಬಕ್ಕ ಉಳಿದಾಳು ಅಂತ ನನಗೊಂದು ಧೈರ್ಯವಿತ್ತು. ಅವಳ ಮಗಳನ್ನು ಹೊಸದುರ್ಗದ ಕಡೆ ಕೊಟ್ಟಿತ್ತು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಹಾಲುರಾಮೇಶ್ವರಕ್ಕೂ ಹೋಗಿ ಬೇಡಿಕೊಂಡು ಬಂದಿದ್ದರು. ಕೊನೆಗೆ ಈ ತಾತನ ಕಾಲು ಹಿಡಿದ ಮೇಲೆ ಬಸಿರು ನಿಂತಿತ್ತು. ದೀಪಾವಳಿಯ ಎದುರಿಗೆ ಅದು ಇಳಿದುಹೋಯಿತು, ಮುದ್ದೆಯೂ ನಿಂತಿತು. ನಾನು ಮಾತಾಡಿಸಲು ಹೋದಾಗ ಓಬಕ್ಕ ಬಾಗಿಲಲ್ಲೇ ಕೂತಿದ್ದಳು. ಒಳಗೆ ಬಾ ಅನ್ನಲಿಲ್ಲ.

"ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣವ್ವ. ನೀನು ಒಬ್ಬನ್ನ ಮನುಷ್ಯನ್ನ ಮಾಡಿದಿ. ಅದು ಒಳ್ಳೇದೇ. ಆದ್ರೆ ಮನುಷ್ಯರು ಊರ ತುಂಬ ಅವ್ರೆ, ನಂಗೆ ಅವರಿಂದ ಏನೂ ಆಗಿಲ್ಲ."

ಗರ್ಭ ಇಳಿದದ್ದಕ್ಕೂ ಆ ಮಾತ್ರೆಗೂ ಸಂಬಂಧವಿಲ್ಲ ಅಂತ ಹೇಳಿದೆ. ಹಾಗೆ ಹೇಳಿದ್ದಕ್ಕೆ ಅವಳು ನನ್ನನ್ನು ಕನಿಕರದಿಂದ ನೋಡಿದಳು.

ಇಷ್ಟು ಸಾಲದು ಅಂತ ನಮ್ಮ ಕೇಂದ್ರ. ದುರ್ಗದಿಂದ ಟ್ರಸ್ಟಿನ ಮೇಲಿನವರು ಬಂದು, ಸುಕ್ರಾ ಪೂರ್ತಿ ಗುಣವಾಗಿದ್ದಾನೆ ಅಂತ ಚಪ್ಪಾಳೆ ತಟ್ಟಿಸಿದರು. ಗುಣವಾದವರನ್ನು ಬಿಟ್ಟುಕೊಟ್ಟು ಕಾಯಿಲೆಯವರಿಗೆ ಜಾಗ ಮಾಡಬೇಕು ಅಂದರು. ನಾಳೆಯಿಂದ ಆಟೋ ಇಲ್ಲ, ಮಧ್ಯಾಹ್ನದ ಊಟ ಇಲ್ಲ. ಎಲ್ಲಿಗೆ ಹೋಗಬೇಕು ಅವನು ಅಂದೆ. "ಸಮುದಾಯಕ್ಕೆ" ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿ, ಅದು ಯಾವ ಬೀದಿಯಲ್ಲಿದೆ ಸಾರ್, ಆಟೋ ಮಾಡಿಕೊಂಡು ಬಿಟ್ಟು ಬರುತ್ತೇನೆ ಅಂದುಬಿಟ್ಟೆ. ನನ್ನ ನಾಲಿಗೆಗೆ ಮೂಳೆ ಇಲ್ಲ ಅಂತ ಅಮ್ಮಿ ಯಾವಾಗಲೂ ಹೇಳುತ್ತಾಳೆ.

ಅಬ್ಬಾ ಮಾತ್ರ ಏನೂ ಕೇಳದೆ ಅಂಗಡಿಯ ಜಗಲಿಯಲ್ಲಿ ಜಾಗ ಕೊಟ್ಟರು. ಸುಕ್ರಾ ಹತ್ತಿ ಹಿಂಜಲು ಕಲಿತ. ಹತ್ತಿ ಜರುಗದಂತೆ ಗಾದಿಗೆ ಟಾಕು ಹೊಲಿಗೆ ಹಾಕುವುದನ್ನೂ ಕಲಿತ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿಯ ಧೂಳಿನಲ್ಲಿ ಕೂತು ಅವನ ಕಡೆಯ ಹಾಡು ಗುನುಗುತ್ತಿದ್ದ. "ಹುಡುಗನ ಕೈ ಒಳ್ಳೇದು" ಅಂದರು ಅಬ್ಬಾ. ಅವರು ಯಾರನ್ನೂ ಹಾಗೆ ಹೊಗಳಿದವರಲ್ಲ. ಮೂರು ವಾರ ಎಲ್ಲವೂ ಸರಿಹೋಗಿತ್ತು. ಆಗ ನನ್ನನ್ನು ನೋಡಲು ದುರ್ಗದಿಂದ ಗಂಡಿನ ಕಡೆಯವರು ಬಂದರು. ಜಗಲಿಯ ಮೇಲಿದ್ದವನು ಯಾರು ಅಂತ ಕೇಳಿದರು. ಯಾರೋ ಹುಚ್ಚಾಸ್ಪತ್ರೆಯಿಂದ ಬಂದವನಂತೆ, ಹೆಣ್ಣೇ ಕರೆತಂದಿದ್ದಂತೆ ಅಂತ ಬೀದಿಯವರು ಅವರ ಕಿವಿಗೆ ಹಾಕಿದ್ದರು. ಅವರು ಹೋದ ಮೇಲೆ ಅಮ್ಮಿ ಸುಕ್ರಾನ ಹಾಸಿಗೆ ಸುತ್ತಿ ಅವನ ಕೈಗೆ ಕೊಟ್ಟಳು. ಯಾವ ನಿಕಾಹ್‌ಗೆ ಅಂತ ಅವನ ಕಾಲು ಹಿಡಿದಿದ್ದಳೋ ಅದೇ ನಿಕಾಹ್‌ಗೆ ಅಂತ ಅವನನ್ನು ಜಗಲಿ ಇಳಿಸಿದಳು. ನಾನು ಕೇಂದ್ರದಿಂದ ಬರುವಷ್ಟರಲ್ಲಿ ಅವನು ಹೋಗಿಯಾಗಿತ್ತು. ಅಬ್ಬಾ ಅವನು ಅರ್ಧ ಹೊಲಿದಿಟ್ಟಿದ್ದ ಗಾದಿಯನ್ನು ಮುಗಿಸುತ್ತಿದ್ದರು. ಆ ಸಂಬಂಧವೂ ಕೂಡಿಬರಲಿಲ್ಲ, ಅದು ಬೇರೆ ಮಾತು.

ಬಸ್ ಸ್ಟ್ಯಾಂಡು, ದುರ್ಗದ ರೈಲು ನಿಲ್ದಾಣ, ಡಾಬಾಗಳು, ಎಲ್ಲ ಹುಡುಕಿದೆ. ಸಂಕ್ರಾಂತಿ ಕಳೆದು ಅಮಾವಾಸ್ಯೆ ಬಂತು. ಅವತ್ತು ಓಬಕ್ಕನೇ ಫೋನ್ ಮಾಡಿದಳು. ದನಿಯಲ್ಲಿ ಹಬ್ಬ.

"ಬಾರವ್ವ, ನಮ್ ತಾತ ಬಂದ. ಮತ್ತೆ ಮಾತು ಬಿಟ್ಟು ಕುಂತವ್ನೆ."

ಹೋದೆ. ತಿಪ್ಪೇಸ್ವಾಮಿಯ ಬೆಂಚುಗಳು ಹೊರಗೆ ಬಂದಿದ್ದವು. "ಕುಂತ್ಕಳ್ರಿ ಮೇಡಂ, ಚಾ ಕುಡೀರಿ. ನಿಮ್ ಮಾತ್ರೆ ಸೋಲ್ತು ನೋಡ್ರಿ" ಅಂದ, ಕುಹಕವಿಲ್ಲದೆ, ಸಂತೋಷದಲ್ಲೇ. ಅಮಾವಾಸ್ಯೆಯ ಜನ. ಹತ್ತಿರ ಹೋಗಬೇಕಾದರೆ ಸಾಲಿನಲ್ಲೇ ಹೋಗಬೇಕು. ನನ್ನ ಸರದಿ ಬಂದಾಗ ಎಲ್ಲರ ಹಾಗೆ ನಾನೂ ಬಗ್ಗಿದೆ, ಬೇರೆ ದಾರಿಯಿರಲಿಲ್ಲ. ಗಡ್ಡ ಬಿಟ್ಟಿದ್ದ. ಮೈಗೆ ಶಾಲು ಬಂದಿತ್ತು. ಕಣ್ಣು ನೆಲದಲ್ಲಿತ್ತು. ಕೈಬೆರಳು ಸಣ್ಣಗೆ ನಡುಗುತ್ತಿತ್ತು, ಅದು ನಾಟಕವಲ್ಲ.

"ಸುಕ್ರಾ" ಅಂದೆ, ಅವನಿಗೆ ಮಾತ್ರ ಕೇಳುವ ಹಾಗೆ. "ಮಾತ್ರೆ?"

ಅವನು ತುಟಿ ಅಲ್ಲಾಡಿಸದೆ ಅವನ ಹಿಂದಿಯಲ್ಲಿ ಹೇಳಿದ: "ಅರ್ಧ ತಿಂತೀನಿ ದೀದಿ. ಪೂರ್ತಿ ತಿಂದರೆ ಹೊಟ್ಟೆಗೆ ಸಿಗಲ್ಲ. ಪೂರ್ತಿ ಬಿಟ್ಟರೆ ತಲೆ ಇರಲ್ಲ."

ಹಿಂದಿನವರು ನೂಕಿದರು, ಎದ್ದೆ. ಓಬಕ್ಕ ಎಲೆಯ ಮೇಲೆ ಬಿಸಿ ಮುದ್ದೆ ಹಾಕಿ, ನಡುವೆ ಗುಳಿ ಮಾಡಿ ತುಪ್ಪ ಬಿಟ್ಟಳು. ತುತ್ತು ಮಾಡಿ ಅವನ ಬಾಯಿಗೆ ಹಿಡಿದಳು. ಅವನು ಬಾಯಿ ತೆರೆದ. ಅವಳು ಹೆತ್ತ ಮಗಳಿಗೂ ಅಷ್ಟು ಪ್ರೀತಿಯಿಂದ ಉಣಿಸಿರಲಾರಳು, ಆ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಆ ಊರನ್ನು ಪೂರ್ತಿಯಾಗಿ ದ್ವೇಷಿಸಲೂ ಆಗಲಿಲ್ಲ.

ಡಾಕ್ಟರಿಗೆ ಎಲ್ಲ ಹೇಳಿದೆ. ಅರ್ಧ ಮಾತ್ರೆ ಅಪಾಯ, ಪೂರ್ತಿ ಕೊಡಲೇಬೇಕು ಅಂದರು. ಪೂರ್ತಿ ಮಾತ್ರೆಗೆ ಪೂರ್ತಿ ಊಟ ಎಲ್ಲಿದೆ ಸಾರ್ ಅಂದೆ. ಅವರು ಮೇಲಿನವರಿಗೆ ಬರೆದರು. ಮೇಲಿನವರು, ಕಾಯಿಲೆ ಮರುಕಳಿಸಿದೆಯಾದ್ದರಿಂದ ಮತ್ತೆ ಸೇರಿಸಿಕೊಳ್ಳಬಹುದು ಅಂದರು. ಮತ್ತೆ ಆಟೋ ಬಂತು. ಅವನು ಹತ್ತಲಿಲ್ಲ. ಯಾಕೆ ಹತ್ತುತ್ತಾನೆ? ನಾವು ಮತ್ತೆ ಗುಣಪಡಿಸಿಬಿಟ್ಟರೆ ಏನು ಗತಿ?

ಮಾತ್ರೆ ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳುತ್ತಿದ್ದ. ಜನರ ಕಣ್ಣು ತಪ್ಪಿಸಿ ಹಲ್ಲಿನಲ್ಲಿ ಕಚ್ಚಿ ಮುರಿಯುವಾಗ ಅದು ಪುಡಿಯಾಗಿ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆಯಾಗುತ್ತಿತ್ತು. ಕಡಿಮೆಯಾದ ದಿನ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದನಂತೆ, ಅವತ್ತು ಜನವೂ ಜಾಸ್ತಿಯಂತೆ. ಹೊಳಲ್ಕೆರೆಯ ಹಾಸ್ಟೆಲಿನಲ್ಲಿ ಕೆಲಸ ಸಿಕ್ಕಿ ಹಿರಿಯೂರು ಬಿಡುವವರೆಗೂ, ಪ್ರತಿ ತಿಂಗಳು ಅವನ ಮಾತ್ರೆಗಳನ್ನು ಮುಂದೆ ಹರವಿಕೊಂಡು, ಅಬ್ಬಾನ ಹರಿತವಾದ ಕತ್ತರಿಯಿಂದ ಒಂದೊಂದನ್ನೇ ಸರಿಯಾಗಿ ಎರಡು ಮಾಡಿ ಕೊಡುತ್ತಿದ್ದೆ.